ಅಪ್ಪನ ವಾರಂಟಿ, ಕಂಪನಿ ವಾರಂಟಿ



ಮೂರ್ನಾಲ್ಕು ದಿನದಿಂದ ಫೋನ್ ಮೇಲೆ ಫೋನ್. "ಅಣ್ಣ, ಜಗಳೂರು ಸಭೆಗೆ ಯಾಕೆ ಬರಲಿಲ್ಲ?" "ಸರ್, ನಮ್ಮ ಗಾಡಿ ಎಲ್ಲೈತೆ?" ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಗಾಡಿ ಮತ್ತೆ ನಿಂತಿದೆ. ಮತ್ತೆ ಬ್ಯಾಟರಿ. ಅದು ನನ್ನೊಬ್ಬನ ಗಾಡಿ ಅಲ್ಲ, ನಿಮ್ಮ ದುಡ್ಡೂ ಅದರಲ್ಲಿದೆ. ಹಾಗಾಗಿ ಲೆಕ್ಕ ಒಪ್ಪಿಸಬೇಕು. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಹೊಸದಾಗಿ ಜೊತೆ ಸೇರಿದವರಿಗೆ ಹಿಂದಿನದು ಸ್ವಲ್ಪ ಹೇಳ್ತೀನಿ. ನಮ್ಮ ಕೆಲಸ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯ್ತು. ಕಾಗದದ ಮೇಲೆ ಒಂದೇ ಜಿಲ್ಲೆ, ಆದರೆ ಬಸ್ಸುಗಳು ಇವತ್ತಿಗೂ ಹಳೇ ದಿಕ್ಕಿಗೇ ಮುಖ ಮಾಡಿ ನಿಂತಿರ್ತವೆ. ಚನ್ನಗಿರಿಯಿಂದ ಜಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸು. ಸಂಜೆ ಕೇರಿ ಸಭೆ ಮುಗಿಸಿದರೆ ವಾಪಸ್ ಬರೋಕೆ ಬಸ್ಸಿಲ್ಲ. ಕೂಲಿಗೆ ಹೋದ ಜನ ಮನೆಗೆ ಬರೋದೇ ಸಂಜೆ, ಹಾಗಾಗಿ ಹಗಲು ಸಭೆ ಮಾಡೋ ಹಾಗೂ ಇಲ್ಲ. ಬಾಡಿಗೆ ಗಾಡಿ ತಗೊಂಡ್ರೆ ಚಂದಾ ದುಡ್ಡೆಲ್ಲ ಡೀಸೆಲ್ಲಿಗೇ ಹೋಗ್ತಿತ್ತು.

ನಾಲ್ಕು ವರ್ಷದ ಹಿಂದೆ ಒಬ್ಬ ಗೆಳೆಯ ಹೇಳಿದ: ಹಳೇ ಕರೆಂಟ್ ಕಾರು ತಗೊಳ್ಳೋಣ, ನೂರು ಕಿಲೋಮೀಟರಿಗೆ ನೂರು ರೂಪಾಯಿ ಕರೆಂಟೂ ಖರ್ಚಾಗಲ್ಲ. ಲೆಕ್ಕ ಸರಿಯಾಗೇ ಇತ್ತು. ಕೂಲಿ ಹೆಣ್ಮಕ್ಕಳು ನೂರು ನೂರು ಕೊಟ್ಟರು. ಪೌರಕಾರ್ಮಿಕ ಅಣ್ಣಂದಿರು ಸಂಬಳ ಆದ ದಿನ ಕರೆದು ಕೊಟ್ಟರು. ಮೇಷ್ಟ್ರುಗಳು ಸಾವಿರದ ಲೆಕ್ಕದಲ್ಲಿ ಕೊಟ್ಟರು. ಮೂರು ಲಕ್ಷದ ನಲವತ್ತು ಸಾವಿರಕ್ಕೆ ಬೆಂಗಳೂರಿಂದ ಗಾಡಿ ಬಂತು. ಆರ್‌ಸಿ ನನ್ನ ಹೆಸರಲ್ಲಿ. ಮುಂದಿನ ಗಾಜಿಗೆ ಬಾಬಾಸಾಹೇಬರ ಸ್ಟಿಕ್ಕರ್ ಹಚ್ಚಿದ ದಿನ ಕೇರಿ ಹುಡುಗರು ಸರದಿ ಮೇಲೆ ಕೂತು ಒಂದೊಂದು ರೌಂಡ್ ಹೊಡೆದರು. ಕಂಪನಿ ಹೆಸರು ಇಲ್ಲಿ ಬರೆಯಲ್ಲ. ಕೇಸು ನಡೀತಾ ಇದೆ, ಅದಕ್ಕೆ. ಕಾಮೆಂಟಲ್ಲೂ ಊಹೆ ಮಾಡಬೇಡಿ.

ಮೊದಲ ವರ್ಷ ಚೆನ್ನಾಗಿ ಓಡ್ತು. ಎರಡನೇ ಬೇಸಿಗೆಗೆ ಶುರುವಾಯ್ತು ನೋಡಿ. ಫುಲ್ ಚಾರ್ಜ್ ಮಾಡಿದರೂ ನೂರು ಕಿಲೋಮೀಟರ್ ದಾಟ್ತಿರಲಿಲ್ಲ. ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಲ್ಲಿದ್ದ ಹುಡುಗ ಗಾಜಿನ ಮೇಲಿನ ಸ್ಟಿಕ್ಕರ್ ನೋಡಿದ, ನನ್ನನ್ನೂ ನೋಡಿದ. "ಓನರನ್ನ ಕಳ್ಸಿ" ಅಂದ. "ನಾನೇ ಓನರ್" ಅಂದೆ. "ಅಲ್ಲ, ಗಾಡಿ ಯಾರ ಹೆಸರಲ್ಲಿದೆಯೋ ಅವರು." ಆರ್‌ಸಿ ತೆಗೆದು ಮುಂದಿಟ್ಟೆ. ಫೋಟೋ ಇರೋ ಆಧಾರನ್ನೂ ಕೇಳಿದ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗ್ರಾಹಕರಿಗೆ ಆರ್‌ಸಿಯನ್ನೂ ಕೇಳಲಿಲ್ಲ, ಕಾಫಿ ಕೊಟ್ಟರು. ಇದನ್ನ ನಾನು ಯಾವ ದೂರಿನಲ್ಲೂ ಬರೆದಿಲ್ಲ. ಬರೆಯೋಕೆ ಅಲ್ಲಿ ಕಾಲಂ ಇರಲ್ಲ.

ಜಾಬ್ ಕಾರ್ಡಲ್ಲಿ ಏನು ಬರೆದರು ಗೊತ್ತಾ? "ಪರೀಕ್ಷಿಸಲಾಗಿದೆ, ಸರಿಯಿದೆ." ಮೂರು ಸಲ ಹೋದೆ, ಮೂರು ಸಲವೂ ಅದೇ ಸಾಲು. ನಾನು ಓದಿದವನು, ಊರೂರಲ್ಲಿ ಜನರಿಗೆ ಅರ್ಜಿ ಬರೆದು ಕೊಡೋನು. ಆ ಸಾಲಿನ ಕೆಳಗೆ ಓದದೇ ಸಹಿ ಹಾಕಿ ಬಂದೆ. ಅದು ನನ್ನ ತಪ್ಪು.

ಆಮೇಲೆ ಆ ರಾತ್ರಿ. ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮವರಿಗೆ ಸ್ಮಶಾನಕ್ಕೆ ಜಾಗ ಇಲ್ಲ ಅನ್ನೋ ವಿಷಯಕ್ಕೆ ಸಭೆ. ಮುಗಿಸಿ ಹೊರಟಾಗ ಮೀಟರಲ್ಲಿ ಮೂವತ್ತೆಂಟು ಪರ್ಸೆಂಟ್. ಊರ ಮುಂದಿನ ಏರು ಹತ್ತೋದ್ರೊಳಗೆ ಹನ್ನೊಂದು. ಇನ್ನೊಂದು ಕಿಲೋಮೀಟರಿಗೆ ನಾಲ್ಕು. ಗಾಡಿ ಆಮೆ ಥರ ಆಯ್ತು, ಕೊನೆಗೆ ನಿಂತೇ ಹೋಯ್ತು. ಹುಡುಗರು ತಳ್ಳಿಕೊಂಡು ಮತ್ತೆ ಕೇರಿಗೇ ತಂದರು.

ಒಬ್ಬ ಅಜ್ಜಿ ಮನೇಲಿ ಪ್ಲಗ್ ಕೊಟ್ಟಳು. ದಪ್ಪ ಪಿನ್ನಿನ ಪಾಯಿಂಟ್ ಇಡೀ ಕೇರಿಯಲ್ಲಿ ಎಲ್ಲೂ ಇಲ್ಲ, ಇದ್ದದ್ದು ಸಣ್ಣ ಪಾಯಿಂಟ್ ಒಂದೇ. ವೈರ್ ಬಿಸಿ ಆಗುತ್ತಾ ಅಂತ ಅರ್ಧ ಗಂಟೆಗೊಮ್ಮೆ ಮುಟ್ಟಿ ಮುಟ್ಟಿ ನೋಡಿದ್ವಿ. ನಡುರಾತ್ರಿ ಅಜ್ಜಿ ಎದ್ದು ಬಂದು ಮೆಲ್ಲಗೆ ಕೇಳಿದಳು: "ಮಗಾ, ಇದ್ರಿಂದ ನಮ್ ಫ್ರೀ ಕರೆಂಟ್ ಹೋಗಾಕಿಲ್ಲ ತಾನೆ?" ಗೃಹಜ್ಯೋತಿಯಲ್ಲಿ ಆ ಮನೆಗೆ ಸಿಗೋದು ಅವರ ಹಿಂದಿನ ಬಳಕೆಯ ಸರಾಸರಿಯ ಮೇಲೆ. ಅಜ್ಜಿ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ. ನನ್ನ ಗಾಡಿ ಒಂದೇ ರಾತ್ರಿಗೆ ಎಂಟು ಹತ್ತು ಯೂನಿಟ್ ಕುಡಿಯುತ್ತೆ. ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. "ನಮ್ ಹೆಣ ಹೂಳೋ ಜಾಗ ಕೇಳಾಕೆ ಬಂದಿರೋನಿಗೆ ಕರೆಂಟ್ ಮಾರ್ಲಾ ನಾನು?" ಅಂದಳು. ಆ ಮಾತು ನೆನೆಸಿಕೊಂಡಾಗಲೆಲ್ಲ ಆ ಜಾಬ್ ಕಾರ್ಡ್ ಸಾಲು ನೆನಪಾಗುತ್ತೆ. ಸರಿಯಿದೆಯಂತೆ!

ದಾವಣಗೆರೆಯಲ್ಲಿ ಇ-ರಿಕ್ಷಾ ರಿಪೇರಿ ಮಾಡೋ ನಮ್ಮ ಹುಡುಗನೊಬ್ಬ ಇದ್ದಾನೆ. ಐಟಿಐ ಓದಿದವನು. ಬ್ಯಾಟರಿ ಬಿಚ್ಚಲಿಲ್ಲ, ಬಿಚ್ಚಬಾರದು ಕೂಡ, ಜೀವ ತೆಗೆಯೋ ವೋಲ್ಟೇಜ್ ಅದು. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಿ ಮೊಬೈಲಲ್ಲಿ ತೋರಿಸಿದ. ಸಾಲುಸಾಲು ಸೆಲ್ಲುಗಳು. ಎಲ್ಲ 3.6 ವೋಲ್ಟ್ ಆಸುಪಾಸು. ಒಂದು ಗುಂಪು ಮಾತ್ರ 3.1. "ಅಣ್ಣ, ಇವೆಲ್ಲ ಒಂದರ ಹಿಂದೆ ಒಂದು ಕಟ್ಟಿರೋವು. ಇದೊಂದು ಖಾಲಿ ಆದ ತಕ್ಷಣ ಕಂಪ್ಯೂಟ್ರು ಇಡೀ ಗಾಡೀನೇ ನಿಲ್ಲಿಸುತ್ತೆ. ಮಿಕ್ಕಿದ್ದರಲ್ಲಿ ಚಾರ್ಜ್ ಇದ್ರೂ ಉಪಯೋಗ ಇಲ್ಲ."

ನನಗೆ ಅಪ್ಪ ನೆನಪಾದ. ಮಿಣಿ ಹೊಸೆಯುವಾಗ ಹೇಳೋನು: ಎಲ್ಲಿ ತೆಳು ಇರುತ್ತೋ ಅಲ್ಲೇ ಹರಿಯೋದು, ದಪ್ಪ ಇರೋ ಕಡೆ ನೋಡಿ ಹಗ್ಗದ ಶಕ್ತಿ ಲೆಕ್ಕ ಹಾಕಬೇಡ.

ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಹೋದ ಮೇಲೆ ಸರ್ವಿಸ್ ಸೆಂಟರಿನವರ ದನಿ ಬದಲಾಯ್ತು. ಇಪ್ಪತ್ತಾರು ದಿನ ಇಟ್ಟುಕೊಂಡು ಒಂದು ಮಾಡ್ಯೂಲ್ ಬದಲಿಸಿದರು. ಏಳು ತಿಂಗಳಿಗೆ ಇನ್ನೊಂದು ಕಡೆ ಅದೇ ಕಾಯಿಲೆ. ಹಳೇ ಸೆಲ್ಲುಗಳ ನಡುವೆ ಹೊಸದು ಕೂರಿಸಿದರೆ ಹೊಂದಾಣಿಕೆ ಆಗೋದು ಕಷ್ಟ ಅಂತ ಹುಡುಗ ಮೊದಲೇ ಹೇಳಿದ್ದ. ಎರಡನೇ ಸಲ ಇಡೀ ಪ್ಯಾಕ್ ಬದಲಾಯಿಸಿದರು. ಹೊಸದಲ್ಲ, ರಿಪೇರಿ ಮಾಡಿದ್ದು. ನಡುವೆ ಲೈಟು, ಲಾಕು ನಡೆಸೋ ಸಣ್ಣ 12 ವೋಲ್ಟ್ ಬ್ಯಾಟರಿ ಸತ್ತಿತು, ಅದಕ್ಕೆ ವಾರಂಟಿ ಇಲ್ಲ, ಕೈಯಿಂದ ಕೊಟ್ಟೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಆ ಸಣ್ಣದು ಸತ್ತರೆ ಗಾಡಿ ಏಳೋದೇ ಇಲ್ಲ.

ಈಗ ಮೂರನೇ ಸಲ. ಈ ಸಲ ಹೇಳಿದ್ದು: ಬದಲಿಸಿ ಕೊಟ್ಟ ಬ್ಯಾಟರಿಗೆ ಹೊಸ ವಾರಂಟಿ ಬರಲ್ಲ, ಮೂಲ ವಾರಂಟಿಯಲ್ಲಿ ಉಳಿದಷ್ಟೇ ದಿನ. ಅದು ಎರಡು ತಿಂಗಳ ಹಿಂದೆ ಮುಗಿದಿದೆ. ಜೊತೆಗೆ ನೀವು ಎರಡನೇ ಮಾಲೀಕರು. ಜೊತೆಗೆ ಗಾಡಿ ಕೆಳಗೆ ಕಲ್ಲು ತಾಗಿದ ಗುರುತಿದೆ. ನಮ್ಮ ಕೇರಿಗಳಿಗೆ ಹೋಗೋ ದಾರಿಯಲ್ಲಿ ಕಲ್ಲಲ್ಲದೆ ಇನ್ನೇನು ತಾಗುತ್ತೆ? ಹೊಸ ಪ್ಯಾಕಿನ ಅಂದಾಜು ನಾಲ್ಕು ಲಕ್ಷದ ಮೇಲೆ. ಗಾಡಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಈ ಕಾಯಿಲೆ ಹೊಸದೇನಲ್ಲ. ನಮ್ಮ ಬೆಂಗಳೂರಲ್ಲೇ 2001ರಲ್ಲಿ ರೇವಾ ಅನ್ನೋ ಪುಟ್ಟ ಕರೆಂಟ್ ಕಾರು ಬಂತು. ಸೀಸ-ಆಸಿಡ್ಡಿನ ಬ್ಯಾಟರಿ, 6 ವೋಲ್ಟಿನವು ಎಂಟು, ಒಟ್ಟು 48 ವೋಲ್ಟ್. ಒಂದು ಚಾರ್ಜಿಗೆ 80 ಕಿಲೋಮೀಟರ್ ಅಂತ ಲೆಕ್ಕ. ಲಂಡನ್ನಿಗೂ ಹೋಗಿ ಜಿ-ವಿಜ್ ಅಂತ ಹೆಸರಾಯ್ತು. 2010ರಲ್ಲಿ ಮಹೀಂದ್ರಾ ಅದರ ಬಹುಪಾಲು ಕೊಂಡಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ನನ್ನ ಗಾಡಿ ಇವೆರಡೂ ಅಲ್ಲ. ಹೇಳಬೇಕಾಗಿದ್ದು ಏನಂದ್ರೆ, ಸೀಸದ ಬ್ಯಾಟರಿಗೆ ಕೆಲವೇ ವರ್ಷದ ಆಯುಸ್ಸು, ಸೆಟ್ಟಿಗೆ ಸೆಟ್ಟೇ ಬದಲಿಸಬೇಕು ಅನ್ನೋದು ಆಗಲೇ ಗೊತ್ತಿತ್ತು. ಲಿಥಿಯಂ ಬಂದ ಮೇಲೆ ಆಯುಸ್ಸು ಹೆಚ್ಚಾಯ್ತು, ಬೆಲೆಯೂ ಹೆಚ್ಚಾಯ್ತು. ಮೊದಲ ಮಾಲೀಕ ಒಳ್ಳೇ ವರ್ಷಗಳನ್ನ ಓಡಿಸಿ ಮಾರ್ತಾನೆ. ಮುದಿ ಬ್ಯಾಟರಿ ನಮ್ಮಂಥವರ ಪಾಲಿಗೆ. ಹಳೇ ಬಟ್ಟೆ, ಹಳೇ ಪುಸ್ತಕ, ಈಗ ಹಳೇ ಬ್ಯಾಟರಿ.

ಅದು ಪೂರ್ತಿ ಸತ್ತ ಮೇಲೂ ಬರೋದು ನಮ್ಮ ಹತ್ತಿರಾನೇ. ಗುಜರಿಯಲ್ಲಿ ಬರಿಗೈಲಿ ಬ್ಯಾಟರಿ ಒಡೆದು ಸೀಸ ತೆಗೆಯೋ ಮಕ್ಕಳು ಯಾವ ಕೇರಿಯವರು ಅಂತ ನಾನು ಹೇಳಬೇಕಾ? ಸೀಸ ಮಕ್ಕಳ ಮೆದುಳಿಗೇ ಕೈ ಹಾಕುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಂಡು ಸರಿಯಾಗಿ ವಿಲೇವಾರಿ ಮಾಡಿಸೋ ಜವಾಬ್ದಾರಿ ತಯಾರಕರದ್ದು. ನಿಯಮ ಬೆಂಗಳೂರು ದಾಟಿ ಗುಜರಿ ಅಂಗಡಿವರೆಗೆ ಬರಬೇಕಲ್ಲ.

ನಮ್ಮಪ್ಪ ಚನ್ನಗಿರಿ ಬಸ್‌ಸ್ಟ್ಯಾಂಡ್ ಹತ್ತಿರ ಕೂತು ಚಪ್ಪಲಿ ಹೊಲೀತಿದ್ದ. ಉಂಗುಷ್ಟ ಕಿತ್ತರೆ, ಅಟ್ಟೆ ಸವೆದರೆ ಅಪ್ಪನ ಹತ್ತಿರ ಬರೋರು. ತಾನು ಹಾಕಿದ ಹೊಲಿಗೆ ಬಿಟ್ಟರೆ ಎಷ್ಟು ದಿನ ಆಗಿದ್ರೂ ಮತ್ತೆ ದುಡ್ಡು ಕೇಳ್ತಿರಲಿಲ್ಲ. ಚೀಟಿ ಇಲ್ಲ, ಸೀಲಿಲ್ಲ. ಹೊಲಿಗೆ ನೋಡಿದರೇ ಗೊತ್ತಾಗೋದು, "ಇದು ನಂದೇ" ಅಂತಿದ್ದ. ಚಪ್ಪಲಿ ನಿಂದಾ, ನಿಮ್ಮಣ್ಣಂದಾ, ಎರಡನೇ ಮಾಲೀಕನಾ ಅಂತ ಒಂದು ದಿನಾನೂ ಕೇಳಲಿಲ್ಲ. ಆ ಕೈಯಿಂದ ನೀರು ತಗೊಳ್ಳದ ಜನ, ಆ ಕೈಯ ಹೊಲಿಗೆಯನ್ನ ಮಾತ್ರ ಪೂರ್ತಿ ನಂಬಿದ್ದರು. ಅಪ್ಪನನ್ನ ದೇವರು ಮಾಡ್ತಿಲ್ಲ, ಅವನ ಕಸುಬನ್ನ ವೈಭವ ಮಾಡೋದೂ ಬೇಡ. "ನೀನು ಇಲ್ಲಿ ಕೂರಬಾರದು" ಅಂತ ಓದಿಸಿದವನೇ ಅವನು. ಆದರೆ ಮಾಡಿದ ಕೆಲಸಕ್ಕೆ ಜವಾಬ್ದಾರಿ ಹೊರೋದು ಅಂದ್ರೆ ಏನು ಅಂತ ನಾನು ಕಲಿತದ್ದು ಆ ಗೋಣಿತಾಟಿನ ಮೇಲೆ.

ಹೋದ ತಿಂಗಳು ಕಂಪನಿ ಕಡೆಯಿಂದ ಫೋನ್ ಬಂತು. ಅರ್ಧ ಬೆಲೆಗೆ ಪ್ಯಾಕ್ ಹಾಕಿಕೊಡ್ತಾರಂತೆ. ಒಂದು ಕಾಗದಕ್ಕೆ ಸಹಿ ಮಾಡಬೇಕು: ಮುಂದೆ ಯಾವ ದೂರೂ ಕೊಡಲ್ಲ, ಎಲ್ಲೂ ಬರೆಯಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಾಡಿ ಓಡಿದರೆ ಸಭೆ ನಡೆಯುತ್ತೆ. ಜಗಳೂರಿನ ಸ್ಮಶಾನದ ಅರ್ಜಿ ಇನ್ನೂ ತಹಸೀಲ್ದಾರರ ಟೇಬಲ್ ಮೇಲೇ ಇದೆ. ಗೆಳೆಯರಲ್ಲಿ ಇಬ್ಬರು "ಸಹಿ ಮಾಡು ಮಾರಾಯ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಬಾಯಿ ಮುಚ್ಚೋಕೆ ಸಹಿ ಹಾಕಿ, ಮಾರನೇ ದಿನ ಕೇರಿಗೆ ಹೋಗಿ "ಬಾಯಿ ಬಿಟ್ಟು ಕೇಳಿ" ಅಂತ ಹೇಗೆ ಹೇಳಲಿ? ಮಾಡಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ಅವರ ಮೊದಲ ವಾದ ಏನು ಅಂದ್ರೆ, ಎರಡನೇ ಮಾಲೀಕನಾದ ನಾನು ಅವರ ಗ್ರಾಹಕನೇ ಅಲ್ಲವಂತೆ. ಮೊದಲ ದಿನ ಕೌಂಟರಲ್ಲಿ ಕೇಳಿದ್ದೂ ಅದೇ ತಾನೆ: ಓನರ್ ಎಲ್ಲಿ?

ಈಗ ಸರ್ಕಾರದ ಸಾಲ, ಸಬ್ಸಿಡಿಯಲ್ಲಿ ಕರೆಂಟ್ ಆಟೋ, ಗೂಡ್ಸ್ ಗಾಡಿ ತಗೊಳ್ಳೋಕೆ ನಿಂತಿರೋ ನಮ್ಮ ಹುಡುಗರಿಗೆ ನಾಲ್ಕು ಮಾತು. ಕರೆಂಟ್ ಗಾಡಿ ಬೇಡ ಅನ್ನಲ್ಲ. ಕಣ್ಣು ಬಿಟ್ಟು ತಗೊಳ್ಳಿ.

1. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಎಷ್ಟು ಪರ್ಸೆಂಟ್ ಆರೋಗ್ಯಕ್ಕೆ ಇಳಿದರೆ ಬದಲಿಸಿ ಕೊಡ್ತಾರೆ? ಬರಹದಲ್ಲಿ ಕೇಳಿ.
2. ಹಳೇ ಗಾಡಿ ಆದ್ರೆ ವಾರಂಟಿ ನಿಮ್ಮ ಹೆಸರಿಗೆ ವರ್ಗ ಆಗುತ್ತಾ ನೋಡಿ. ಬ್ಯಾಟರಿ ಆರೋಗ್ಯದ ವರದಿ ಇಲ್ಲದೆ ಒಂದು ರೂಪಾಯಿ ಮುಂಗಡ ಕೊಡಬೇಡಿ.
3. ಜಾಬ್ ಕಾರ್ಡಲ್ಲಿ ನಿಮ್ಮ ದೂರು ನಿಮ್ಮ ಮಾತಲ್ಲೇ ಬರೆಸಿ. ಓದದೇ ಸಹಿ ಬೇಡ. ಪ್ರತಿಯೊಂದಕ್ಕೂ ಫೋಟೋ.
4. ದಿನಾ ನೂರಕ್ಕೆ ನೂರು ತುಂಬಿಸಿ ಬಿಸಿಲಲ್ಲಿ ನಿಲ್ಲಿಸಬೇಡಿ. ಬಿಸಿ ಬ್ಯಾಟರಿಯ ಶತ್ರು.
5. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ಹೊಟ್ಟೆಪಾಡಿಗೆ ಸ್ವಂತ ಓಡಿಸೋ ಗಾಡಿಯವರೂ ಗ್ರಾಹಕರೇ. ಸಹಾಯವಾಣಿ 1915.

ಲೆಕ್ಕ: ಗಾಡಿ ಈಗ ಒಂದು ಚಾರ್ಜಿಗೆ ನಲವತ್ತು ಕಿಲೋಮೀಟರ್ ಓಡುತ್ತೆ, ಅದೂ ನಂಬಿಕೆ ಇಲ್ಲ. ಚನ್ನಗಿರಿ ಸುತ್ತಮುತ್ತಲಿಗೆ ಮಾತ್ರ ಬಳಸ್ತೀವಿ. ಇಲ್ಲೀವರೆಗಿನ ಖರ್ಚಿನ ಚೀಟಿಗಳೆಲ್ಲ ನನ್ನ ಹತ್ತಿರ ಇವೆ, ಚಂದಾ ಕೊಟ್ಟ ಯಾರು ಬೇಕಾದರೂ ಬಂದು ನೋಡಬಹುದು. ತೀರ್ಪು ಏನು ಬಂದರೂ ಇಲ್ಲೇ ಹಾಕ್ತೀನಿ, ಸೋತರೂ ಸರಿ.

ಬರೋ ಭಾನುವಾರ ಜಗಳೂರಿಗೆ ಬಸ್ಸಲ್ಲಿ ಬರ್ತೀನಿ. ರಾತ್ರಿ ದಾವಣಗೆರೆವರೆಗೆ ಬಿಡೋಕೆ ಯಾರದ್ದಾದರೂ ಬೈಕ್ ಇದ್ರೆ ಹೇಳಿ. ಮತ್ತೆ, ಆ ಅಜ್ಜಿ ಮನೆ ಕರೆಂಟ್ ಬಿಲ್ ಆ ತಿಂಗಳು ಎಷ್ಟು ಬಂತು ಅಂತ ಯಾರಾದರೂ ಮೆಲ್ಲಗೆ ವಿಚಾರಿಸಿ ನನಗೆ ತಿಳಿಸಿ. ಅವಳು ಕೇಳಲ್ಲ. ನಾವು ಕೊಡಬೇಕು.

ಜೈ ಭೀಮ್.