ರಿಂಗ್, ಬೋರ್, ಟರ್ಬೊ

1990ರ ದಶಕದಲ್ಲಿ ಬೀದರ್‌ನಿಂದ ಭಾಲ್ಕಿಗೂ ಔರಾದಿಗೂ ಜನರನ್ನು ಸಾಗಿಸುತ್ತಿದ್ದ ಡೀಸೆಲ್ ಗಾಡಿಗಳಿಗೆ ಟರ್ಬೊ ಇರಲಿಲ್ಲ. ಬಜಾಜ್ ಟೆಂಪೊ ಕಂಪನಿಯ ಮ್ಯಾಟಡೋರ್, ಅದರದೇ ಟ್ರ್ಯಾಕ್ಸ್, ಮಹೀಂದ್ರದ ಕಮಾಂಡರ್ ಜೀಪು, ನಮ್ಮ ಕಡೆ ಓಡುತ್ತಿದ್ದುದು ಹೆಚ್ಚಾಗಿ ಇವೇ. ನಮ್ಮ ಅಣ್ಣ ಆಗ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಸ್ ಇಟ್ಟಿದ್ದ. ಗಾಡಿ ಅವನದು, ಲೆಕ್ಕದ ವಹಿ ನನ್ನದು. ಡೀಸೆಲ್, ಟೈರು, ಆಯಿಲ್, ಗ್ಯಾರೇಜು ಎಂದು ಕಲಂ ಹಾಕಿ ಬರೆದ ಆ ವಹಿಗಳು ಇನ್ನೂ ಮನೆಯಲ್ಲಿವೆ. ಗ್ಯಾರೇಜಿನ ಕಲಂ ಒಂದನ್ನೇ ಓದಿಕೊಂಡು ಹೋದರೂ ಸಾಕು, ಎಂಜಿನ್ ಕೆಡುವ ರೀತಿಯೂ ಅದನ್ನು ರಿಪೇರಿ ಮಾಡಿಸುವ ರೀತಿಯೂ ಎಷ್ಟು ಬದಲಾಗಿವೆ ಎಂಬುದು ತಿಳಿಯುತ್ತದೆ.

ಟ್ರ್ಯಾಕ್ಸಿನೊಳಗೆ ಇದ್ದದ್ದು ಮರ್ಸಿಡಿಸ್ ಬೆಂಜ್‌ನ ಓಎಂ 616 ಎಂಜಿನ್. ಪುಣೆಯ ಬಜಾಜ್ ಟೆಂಪೊ ಕಂಪನಿ ಪರವಾನಗಿ ಪಡೆದು ಅದನ್ನು ಇಲ್ಲೇ ತಯಾರಿಸುತ್ತಿತ್ತು. ನಾಲ್ಕು ಸಿಲಿಂಡರ್, 2.4 ಲೀಟರ್. ಚಳಿಗಾಲದ ಬೆಳಗ್ಗೆ ಹೀಟರ್ ಹಾಕಿ ಸ್ವಲ್ಪ ಹೊತ್ತು ಕಾಯ್ದು ಚಾಲೂ ಮಾಡಬೇಕು. ಡೀಸೆಲ್ ಪಂಪು, ನಾಝಲ್ ಎಂದರೆ ನಮಗೆ ಬೆಂಗಳೂರಿನ ಮೈಕೊ. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಎಂದಾದ ಮೇಲೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಮೈಕೊ ಆಗಿಯೇ ಉಳಿಯಿತು. ಆ ಎಂಜಿನ್ನಿಗೆ ಬಲ ಕಡಿಮೆ. ಔರಾದ ಕಡೆಯಿಂದ ಮಾಂಜ್ರಾ ದಾಟಿ ಬೀದರ್‌ನ ಎತ್ತರಕ್ಕೆ ಏರುವಾಗ ತುಂಬಿದ ಗಾಡಿ ಸೆಕೆಂಡ್ ಗೇರಿಗೆ ಇಳಿಯುತ್ತಿತ್ತು, ಕಪ್ಪು ಹೊಗೆ ಹಿಂದಿನ ರಸ್ತೆಯನ್ನೇ ಮುಚ್ಚುತ್ತಿತ್ತು.

ಅದು ಕೆಟ್ಟಾಗ ಏನು ಮಾಡಬೇಕು ಎಂಬುದು ಹಂತಹಂತವಾಗಿ ತೀರ್ಮಾನವಾಗುತ್ತಿತ್ತು. ಮೊದಲು ಹೊಗೆ ನೋಡುವುದು. ನೀಲಿ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಬಂದರೆ ಹವಾ ಸಾಲುತ್ತಿಲ್ಲ ಇಲ್ಲವೇ ಡೀಸೆಲ್ ಹೆಚ್ಚಾಗಿದೆ, ಬೆಳಗಿನ ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಕಂಪ್ರೆಷನ್ ಇಳಿದಿರಬಹುದು ಅಥವಾ ನಾಝಲ್ ತೊಟ್ಟಿಕ್ಕುತ್ತಿರಬಹುದು. ಆಮೇಲೆ ‘ಬ್ಯಾಕ್ ಕಂಪ್ರೆಷನ್’. ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗಿನಿಂದ ಹೊಗೆ ಒದ್ದುಕೊಂಡು ಬರುತ್ತದೆಯೇ ಎಂದು ನೋಡುವುದು. ಬೀದರ್‌ನಲ್ಲಿ ನಮ್ಮ ಗಾಡಿ ನೋಡುತ್ತಿದ್ದ ಉಸ್ತಾದರು ಆ ಬಾಯಿಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನಿದ್ದು ಹೇಳುತ್ತಿದ್ದರು:

“ಅಣ್ಣಾ, ದಮ್ ಹೊಡೀಲತದ, ಖರೆ. ಆದ್ರ ಬೋರ್ ಇನ್ನಾ ಛಲೋ ಅದ. ಈಗ ರಿಂಗ್ ಹಾಕಿ ಓಡಸ್ರಿ. ಫುಲ್ ಎಂಜಿನ್ ಮುಂದಿನ ವರ್ಷ ನೋಡಮ್.”

ಈ ಮಾತಿನಲ್ಲಿ ಒಂದು ಇಡೀ ಹಣಕಾಸಿನ ವ್ಯವಸ್ಥೆ ಇತ್ತು. ಮೊದಲು ರಿಂಗ್. ಅದಕ್ಕೂ ಬಗ್ಗದಿದ್ದರೆ ಹಾಫ್ ಎಂಜಿನ್: ಹೆಡ್ ಇಳಿಸಿ ವಾಲ್ವು ಕೂರಿಸಿ, ರಿಂಗೂ ಬೇರಿಂಗೂ ಬದಲಿಸುವುದು. ಕೊನೆಯದು ಫುಲ್ ಎಂಜಿನ್: ಬೋರ್ ಕೊರೆಸಿ, ಪಿಸ್ಟನ್ ಬದಲಿಸಿ, ಕ್ರ್ಯಾಂಕನ್ನು ಲೇತ್‌ನವರಿಗೆ ಕೊಟ್ಟು ಅಂಡರ್‌ಸೈಜ್ ಮಾಡಿಸುವುದು. ಒಂದೊಂದು ಹಂತಕ್ಕೂ ಒಂದೊಂದು ದರ, ಒಂದೊಂದು ಆಯುಷ್ಯ. ತೊಗರಿಯ ದುಡ್ಡು ಊರಿಗೆ ಬಂದು ಜನರ ಓಡಾಟ ಹೆಚ್ಚುವವರೆಗೆ, ಇಲ್ಲವೇ ಮದುವೆ ಹಂಗಾಮು ಬರುವವರೆಗೆ ದೊಡ್ಡ ಖರ್ಚನ್ನು ಮುಂದೂಡಬಹುದಿತ್ತು. ಕೈಯಲ್ಲಿ ದುಡ್ಡಿಲ್ಲದ ಮಾಲೀಕನಿಗೆ ಎಂಜಿನ್ ಸಮಯ ಕೊಡುತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮ್ಯಾಕ್ಸಿ ಕ್ಯಾಬ್‌ನಲ್ಲಿ ಚಾಲಕನನ್ನು ಬಿಟ್ಟು ಹೆಚ್ಚೆಂದರೆ 12 ಜನ ಕೂರಬೇಕು. ಸಂತೆಯ ದಿನ ಅದಕ್ಕಿಂತ ಎಷ್ಟು ಹೆಚ್ಚು ಜನ ಹತ್ತುತ್ತಿದ್ದರು, ಟಾಪಿನ ಮೇಲೆ ಎಷ್ಟು ಜನ, ಹಿಂದೆ ನೇತಾಡುತ್ತ ಎಷ್ಟು ಜನ ಎಂಬುದನ್ನು ಬೀದರ್ ಜಿಲ್ಲೆಯಲ್ಲಿ ಬೆಳೆದ ಯಾರಿಗೂ ಹೇಳಬೇಕಾಗಿಲ್ಲ. ನೀಲಿ ಸೀಮೆಎಣ್ಣೆ ಬೆರೆಸಿದ ಡೀಸೆಲ್ ಕುಡಿದು ಪಂಪುಗಳು ಸವೆಯುತ್ತಿದ್ದವು. ರಿಂಗ್ ಮುಂದೂಡಿದ ವರ್ಷವೆಲ್ಲ ಆ ಹೊಗೆಯನ್ನು ಕುಡಿದವರು ಸ್ಟ್ಯಾಂಡಿನ ಚಹಾದಂಗಡಿಯವರು, ಹಿಂದಿನ ಸೀಟಿನ ಮಕ್ಕಳು. ನಮ್ಮ ವಹಿಯಲ್ಲಿ ಉಳಿತಾಯವಾದ ದುಡ್ಡಿನ ಒಂದು ಪಾಲನ್ನು ಅವರು ತೆತ್ತರು.

ರಿಪೇರಿಯ ತೀರ್ಮಾನದಲ್ಲಿ ಬಿಡಿಭಾಗದ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಆಲ್ವಿನ್ ನಿಸಾನ್ ಕಲಿಸಿತು. ಎಂಬತ್ತರ ದಶಕದಲ್ಲಿ ಹೈದರಾಬಾದ್‌ನ ಆಲ್ವಿನ್ ಕಂಪನಿ ಜಪಾನಿನ ನಿಸಾನ್ ಜೊತೆ ಸೇರಿ ಜಹೀರಾಬಾದ್‌ನಲ್ಲಿ, ಅಂದರೆ ಬೀದರ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕ್ಯಾಬ್‌ಸ್ಟಾರ್ ಎಂಬ ಹಗುರ ಡೀಸೆಲ್ ಗಾಡಿ ತಯಾರಿಸಿತು. ಗಾಡಿ ನಯವಾಗಿತ್ತು, ಎಂಜಿನ್ ಒಳ್ಳೆಯದಿತ್ತು. ಆಮೇಲೆ ಕಾರ್ಖಾನೆ ಮಹೀಂದ್ರದ ಕೈಗೆ ಹೋಯಿತು, ಇಂದು ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತದೆ. ಆ ಮಾಡೆಲ್ ನಿಂತ ಮೇಲೆ, ಪಕ್ಕದಲ್ಲೇ ಹುಟ್ಟಿದ ಗಾಡಿಗೂ ಸಾಮಾನು ಹುಡುಕಿಕೊಂಡು ಹೈದರಾಬಾದ್‌ನ ಪುತ್ಲಿಬೌಲಿಯ ಗಲ್ಲಿಗಳಲ್ಲಿ ಅಲೆಯಬೇಕಾಯಿತು. ಒಂದು ಗ್ಯಾಸ್ಕೆಟ್ ಸಿಗದೆ ಒಳ್ಳೆ ಎಂಜಿನ್ ಗುಜರಿಗೆ ಹೋಗಬಹುದು.

ನಮ್ಮ ಮನೆಗೆ ಟರ್ಬೊ ಬಂದದ್ದು 2005ರ ನಂತರ. ಹೊಸ ವ್ಯಾನು, ಸಾಲದ ಕಂತು. ಬೀದರ್ ಏರನ್ನು ಅದು ಥರ್ಡ್ ಗೇರಿನಲ್ಲಿ, ಹೊಗೆಯಿಲ್ಲದೆ ಹತ್ತಿದಾಗ ಅಣ್ಣನಿಗೆ ಆದ ಸಂತೋಷ ನನಗೆ ಈಗಲೂ ನೆನಪಿದೆ, ಅದು ನ್ಯಾಯವಾದ ಸಂತೋಷವೇ. ಎಂಜಿನ್ ಬಿಟ್ಟ ಬಿಸಿ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಹವಾ ಎಳೆದು ಸಿಲಿಂಡರಿಗೆ ಒತ್ತಿ ತುಂಬುತ್ತದೆ. ಹವಾ ಹೆಚ್ಚಾದಷ್ಟು ಡೀಸೆಲ್ ಪೂರಾ ಉರಿಯುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ರಸ್ತೆಗೆ ಅದು ಬರಲು ನೂರು ವರ್ಷ ಹಿಡಿಯಿತು.

ಎಂಜಿನ್ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗಿದರೆ ಟರ್ಬೊದ ಶಾಫ್ಟ್ ಒಂದು ಲಕ್ಷಕ್ಕೂ ಮೀರಿ ತಿರುಗುತ್ತದೆ. ಈ ಗಾಡಿಗಳ ಟರ್ಬೊದಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ. ಬುಷ್‌ನೊಳಗೆ ತೆಳುವಾದ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತದೆ. ಒಂದು ಪಕ್ಕದಲ್ಲಿ ಕೆಂಪಗೆ ಕಾಯುವಷ್ಟು ಬಿಸಿ, ಇನ್ನೊಂದು ಪಕ್ಕದಲ್ಲಿ ಹೊರಗಿನ ಗಾಳಿ, ನಡುವೆ ಆ ಆಯಿಲ್. ಏರು ಹತ್ತಿ ಬಂದವನು ಸ್ಟ್ಯಾಂಡಿಗೆ ಬಂದ ಕೂಡಲೇ ಚಾವಿ ತಿರುಗಿಸಿದರೆ ಆಯಿಲ್ ಪಂಪು ನಿಲ್ಲುತ್ತದೆ, ಟರ್ಬೊ ಇನ್ನೂ ತಿರುಗುತ್ತಿರುತ್ತದೆ. ಒಳಗೆ ಉಳಿದ ಆಯಿಲ್ ಆ ಬಿಸಿಗೆ ಸುಟ್ಟು ಗಟ್ಟಿ ಕರಿಯಾಗುತ್ತದೆ. ದಿನವೂ ಹೀಗಾದರೆ ಆಯಿಲ್ ಬರುವ ಸಣ್ಣ ಕೊಳವೆ ಒಳಗಿನಿಂದ ಮುಚ್ಚುತ್ತ ಬರುತ್ತದೆ. ಹಳೆ ಎಂಜಿನ್ ಓಡಿಸಿ ಕೈ ಪಳಗಿದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಶೋರೂಮಿನಲ್ಲಿ ಚಾವಿ ಕೊಟ್ಟರು, ತೆಂಗಿನಕಾಯಿ ಒಡೆದರು, ಅಷ್ಟೇ. ‘ನಿಲ್ಲಿಸುವ ಮುಂಚೆ ಒಂದು ನಿಮಿಷ ಸ್ಲೋದಲ್ಲಿ ಬಿಡಿ’ ಎಂಬ ಮಾತು ಪುಸ್ತಕದಲ್ಲಿತ್ತು, ಇಂಗ್ಲಿಷಿನಲ್ಲಿ.

ಮೊದಲ ಟರ್ಬೊ ಹೋಗುವಾಗ ಸಿಳ್ಳೆ ಹಾಕಿತು. ಆಮೇಲೆ ಪಿಕಪ್ ಇಳಿಯಿತು, ನೀಲಿ ಹೊಗೆ ಬಂತು, ಆಯಿಲ್ ಕಡ್ಡಿಯಲ್ಲಿ ಆಯಿಲ್ ಕಾಣಲಿಲ್ಲ. ಹೀಗಾದ ಮೇಲೂ ಓಡಿಸಿದರೆ ಏನಾಗುತ್ತದೆ ಎಂಬುದು ಚಾಲಕರೆಲ್ಲ ತಿಳಿದಿರಬೇಕಾದ ವಿಷಯ. ಟರ್ಬೊದಿಂದ ಸೋರಿದ ಆಯಿಲ್ ಹವಾ ಕೊಳವೆಯಲ್ಲಿ ಸಿಲಿಂಡರಿಗೆ ಹೋಗಿ ಅದೇ ಇಂಧನವಾಗಿಬಿಡುತ್ತದೆ. ಚಾವಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗಿ ಕೊನೆಗೆ ಸೀಜ್ ಆಗುತ್ತದೆ. ಅಣ್ಣ ಗಾಡಿ ಪಕ್ಕಕ್ಕೆ ಹಾಕಿ ಟೋ ಮಾಡಿಸಿದ.

ದೊಡ್ಡ ಊರಿನ ಒಂದು ವರ್ಕ್‌ಶಾಪಿನಲ್ಲಿ ಹೊಸ ಟರ್ಬೊ ಹಾಕಿಸಿದೆವು. ಅವರು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಬಿಲ್ಲು ಕೊಟ್ಟರು. ಮಳೆಗಾಲ ಮುಗಿಯುವ ಮೊದಲೇ ಅದೂ ಹೋಯಿತು. ಬೀದರ್‌ನ ಉಸ್ತಾದರು, ಟರ್ಬೊ ಕಲಿತದ್ದು ತಲೆ ಬೆಳ್ಳಗಾದ ಮೇಲೆ, ಮೊದಲು ಟರ್ಬೊವನ್ನು ಮುಟ್ಟಲೇ ಇಲ್ಲ. ಆಯಿಲ್ ಕೊಳವೆ ಬಿಚ್ಚಿ ತಂತಿ ತೂರಿಸಿದರು. ತಂತಿ ಅರ್ಧಕ್ಕೆ ನಿಂತಿತು. ಸತ್ತದ್ದು ಟರ್ಬೊ, ಕೊಂದದ್ದು ಕೊಳವೆ. ಹೊಸ ಕೊಳವೆ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಟರ್ಬೊದ ಕೋರ್ ಮಾತ್ರ ಹೈದರಾಬಾದ್‌ನಲ್ಲಿ ಬದಲಿಸಿ ಬ್ಯಾಲೆನ್ಸ್ ಮಾಡಿಸಿದೆವು. ಆ ಬ್ಯಾಲೆನ್ಸ್ ಇಲ್ಲದೆ ಕೂರಿಸಿದ ಕೋರ್ ಆ ವೇಗದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಹೊಸ ಟರ್ಬೊ ತರಿಸಿದ್ದರೆ ಆಗುತ್ತಿದ್ದ ಖರ್ಚಿನ ಅರ್ಧವೂ ಆಗಲಿಲ್ಲ.

ಇದಕ್ಕೆ ತಿರುಗುಮುರುಗಾದ ಪ್ರಸಂಗವನ್ನು ಔರಾದಿನ ನಮ್ಮ ಪರಿಚಯದವರ ಗಾಡಿಯಲ್ಲಿ ಕಂಡೆ. ಟರ್ಬೊದಿಂದ ಆಯಿಲ್ ಸೋರುತ್ತಿತ್ತು, ಬದಲಿಸಬೇಕೆಂದು ಎಲ್ಲರೂ ಹೇಳಿದ್ದರು. ಶಾಫ್ಟ್ ಹಿಡಿದು ನೋಡಿದರೆ ಗಟ್ಟಿಯಾಗಿತ್ತು. ದೋಷ ಇದ್ದದ್ದು ರಿಂಗಿನಲ್ಲಿ. ಟರ್ಬೊದಿಂದ ಆಯಿಲ್ ಕೆಳಗಿನ ಸಂಪಿಗೆ ಮರಳುವುದು ತನ್ನ ಭಾರದಿಂದ, ಅದನ್ನು ನೂಕುವ ಪಂಪು ಇಲ್ಲ. ಬ್ಯಾಕ್ ಕಂಪ್ರೆಷನ್ ಹೆಚ್ಚಾದರೆ ಸಂಪಿನೊಳಗಿನ ಒತ್ತಡ ಆ ದಾರಿಯನ್ನು ತಡೆಯುತ್ತದೆ, ಆಯಿಲ್ ಸೀಲು ದಾಟಿ ಹೊರಬರುತ್ತದೆ. ಅಂಥ ಎಂಜಿನ್ನಿಗೆ ಎಷ್ಟು ಹೊಸ ಟರ್ಬೊ ಹಾಕಿದರೂ ಸೋರುತ್ತದೆ. ಮುಚ್ಚಳದ ಬಾಯಿಗೆ ಅಂಗೈ ಇಡುವ ಹಳೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಂತು. ಹೊಸ ಎಂಜಿನ್ನಿಗೆ ಹಳೆ ವಿದ್ಯೆ ಬೇಡವೆನ್ನುವವರನ್ನು ನಾನು ಒಪ್ಪುವುದಿಲ್ಲ.

ನಮ್ಮ ಮಣ್ಣಿನ ಪಾತ್ರವೂ ಇದರಲ್ಲಿದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಭಾಲ್ಕಿ, ಔರಾದ ಕಡೆ ಎರೆಭೂಮಿ. ಬೇಸಿಗೆಯಲ್ಲಿ ಎರಡೂ ಧೂಳೇ. ಹವಾ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಊದಿ ಮತ್ತೆ ಹಾಕುವ ಅಭ್ಯಾಸದಲ್ಲಿ ಕಾಗದ ಎಲ್ಲೋ ಸೀಳುತ್ತದೆ. ಆ ಸೀಳಿನಿಂದ ಹೋದ ಧೂಳು ಲಕ್ಷ ಸುತ್ತು ತಿರುಗುವ ಅಲ್ಯೂಮಿನಿಯಂ ರೆಕ್ಕೆಯನ್ನು ಸವೆಸುತ್ತದೆ, ಆಮೇಲೆ ಬೋರನ್ನು. ಫಿಲ್ಟರಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಹೋಗುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಹೊಗೆ ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಸ್ಟ್ಯಾಂಡಿನ ಹೊಗೆ ನಿಜವಾಗಿ ಕಡಿಮೆಯಾಗಿದೆ, ಅದು ದೊಡ್ಡ ಲಾಭ. ಆದರೆ ಸೈಲೆನ್ಸರಿನಲ್ಲಿ ಈಗ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಅದು ಕಾಲಕಾಲಕ್ಕೆ ತಾನೇ ಕಾದು ಮಸಿ ಸುಟ್ಟುಕೊಳ್ಳಬೇಕು, ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಓಟದಲ್ಲಿ ಓಡಬೇಕು. ಹಳ್ಳಿಗೊಮ್ಮೆ ನಿಂತು ಜನ ಹತ್ತಿಸಿಕೊಳ್ಳುವ ಗಾಡಿಗೆ ಆ ಓಟ ಸಿಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಹಿಂದಿನ ಒತ್ತಡ ಟರ್ಬೊದ ಮೇಲೆ ಬೀಳುತ್ತದೆ. ಸುಡುವ ಯತ್ನ ಅರ್ಧಕ್ಕೆ ನಿಂತಾಗಲೆಲ್ಲ ಒಂದಿಷ್ಟು ಡೀಸೆಲ್ ಇಳಿದು ಆಯಿಲ್ ಸೇರುವುದೂ ಉಂಟು. ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬಾರದು, ಅದು ತೆಳುವಾದ ಆಯಿಲ್, ಬುಷ್‌ಗೆ ಅಪಾಯ. ಆ ಫಿಲ್ಟರನ್ನೇ ಕತ್ತರಿಸಿ ತೆಗೆಸುವುದು ಕಾನೂನಿಗೂ ವಿರುದ್ಧ, ಮಕ್ಕಳ ಶ್ವಾಸಕೋಶಕ್ಕೂ ವಿರುದ್ಧ.

ಕೆಟ್ಟರೆ ಹಂತಗಳು ಈಗ ಕಡಿಮೆ. ಹಳೆ ನಾಝಲ್ ನೂರಿಪ್ಪತ್ತು ಬಾರ್ ಆಸುಪಾಸಿನಲ್ಲಿ ತೆರೆಯುತ್ತಿತ್ತು, ಕೈಪಂಪಿನಲ್ಲಿ ಪರೀಕ್ಷಿಸಬಹುದಿತ್ತು. ಈಗಿನ ಎಂಜಿನ್‌ಗಳಿಗೆ ಡೀಸೆಲ್ ಒದಗಿಸುವ ಕಾಮನ್ ರೇಲ್‌ನಲ್ಲಿ ಒತ್ತಡ 1600 ಬಾರ್, ಅದಕ್ಕೂ ಮೇಲೆ, ಅದಕ್ಕೆ ಸ್ಕ್ಯಾನರ್ ಬೇಕು, ಟೆಸ್ಟ್ ಬೆಂಚ್ ಬೇಕು. ಎಂಜಿನ್ ಸಮಯ ಕೊಡುವುದಿಲ್ಲ, ಬ್ಯಾಂಕಿನ ಕಂತೂ ಕೊಡುವುದಿಲ್ಲ. 2023ರ ಜೂನ್ 11ರಿಂದ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದು ಮಹಿಳೆಯರು ಸರ್ಕಾರಿ ಬಸ್ಸಿಗೆ ಹೋದರು. ಅವರಿಗೆ ಅದು ಸಿಗಬೇಕಾದದ್ದೇ. ನಮ್ಮ ವಹಿಯಲ್ಲಿ ಮಾತ್ರ ಭಾಲ್ಕಿ ಟ್ರಿಪ್ಪಿನ ಜಮೆ ಇಳಿಯಿತು, ದೊಡ್ಡ ರಿಪೇರಿಯನ್ನು ತಡೆಯುವ ಶಕ್ತಿಯೂ ಇಳಿಯಿತು.

ಅಣ್ಣ ಈಗ ಸ್ಟಿಯರಿಂಗ್ ಮಗನಿಗೆ ಬಿಟ್ಟಿದ್ದಾನೆ. ಇದೇ ದಂಧೆಯಲ್ಲಿರುವವರಿಗೆ ನನ್ನ ವಿನಂತಿ ಇಷ್ಟು. ಟರ್ಬೊ ಹೋಯಿತು ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುಂಚೆ ಹಳೆಯದನ್ನು ಕೈಗೆ ಕೇಳಿ ಪಡೆಯಿರಿ. ಶಾಫ್ಟನ್ನು ಹಿಂದೆ ಮುಂದೆ ಎಳೆದು ನೋಡಿ, ಆ ಕಡೆ ಅಲುಗಾಟ ಬೆರಳಿಗೆ ಗೊತ್ತಾದರೆ ಅದು ಹೋಗಿದೆ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಅದು ಸಹಜ. ಆಯಿಲ್ ಕೊಳವೆ ಬಿಚ್ಚಿಸಿ ನೋಡಿ, ಬ್ಯಾಕ್ ಕಂಪ್ರೆಷನ್ ನೋಡಿಸಿ, ಹವಾ ಫಿಲ್ಟರಿನ ಸೀಳು ಹುಡುಕಿಸಿ. ಏಕೆ ಹೋಯಿತು ಎಂಬುದಕ್ಕೆ ಉತ್ತರ ಸಿಗುವವರೆಗೆ ಹೊಸದನ್ನು ಕೂರಿಸಲು ಬಿಡಬೇಡಿ.