ಜಂಗಮವಾಣಿಯ ಪೂರ್ವಕಥೆ

ಕೈಯಲ್ಲಿ ಹಿಡಿದು ನಡೆಯುತ್ತಲೇ ಮಾತನಾಡಬಹುದಾದ ದೂರವಾಣಿಗೆ ಕನ್ನಡವು 'ಜಂಗಮವಾಣಿ' ಎಂಬ ಸೊಗಸಾದ ಹೆಸರನ್ನಿತ್ತಿದೆ. 'ಗಮ್' ಧಾತುವಿನಿಂದ ಹುಟ್ಟಿದ 'ಜಂಗಮ' ಶಬ್ದಕ್ಕೆ ಚಲಿಸುವಂಥದು ಎಂಬುದು ಮೂಲಾರ್ಥ. ಶರಣಸಂಪ್ರದಾಯದಲ್ಲಾದರೋ ಅದು ಅರಿವನ್ನು ಹೊತ್ತು ಊರೂರು ಸಂಚರಿಸಿ, ಭಕ್ತನ ಮನೆಬಾಗಿಲಿಗೆ ತಾನೇ ಬರುವ ಚೇತನದ ಹೆಸರು. ಜಡವಾದ ಯಂತ್ರಕ್ಕೆ ಈ ಹೆಸರು ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅದನ್ನು ನಿರ್ಣಯಿಸುವ ಮುನ್ನ ಆ ಯಂತ್ರದ ಪೂರ್ವಕಥೆಯನ್ನು ತಿಳಿಯಬೇಕು. ಆ ಕಥೆ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಕಥೆಗಾರರ ಕಲ್ಪನೆಯಲ್ಲಿ.

ದೂರದ್ದನ್ನು ಕಾಣಬೇಕು, ದೂರದವರ ನುಡಿಯನ್ನು ಕೇಳಬೇಕು ಎಂಬ ಹಂಬಲ ಬಹು ಪುರಾತನವಾದುದು. ಮಹಾಭಾರತದಲ್ಲಿ ಸಂಜಯನು ದಿವ್ಯದೃಷ್ಟಿಯಿಂದ ಕುರುಕ್ಷೇತ್ರವನ್ನು ಕಂಡು ಧೃತರಾಷ್ಟ್ರನಿಗೆ ನಿವೇದಿಸುತ್ತಾನೆ. ಇದನ್ನೇ ಹಿಡಿದು, ದೂರದರ್ಶನವು ನಮ್ಮ ಪೂರ್ವಜರಲ್ಲಿ ಇದ್ದೇ ಇತ್ತೆಂದು ಸಾಧಿಸಹೊರಡುವುದು ಕವಿಗೂ ವಿಜ್ಞಾನಿಗೂ ಸಮನಾಗಿ ಅಪಚಾರವೆಸಗಿದಂತೆ. ವ್ಯಾಸರು ಹೇಳಿದ್ದು ಯಂತ್ರದ ಮಾತನ್ನಲ್ಲ, ಮನಸ್ಸಿನ ಮಾತನ್ನು. ರಣರಂಗದ ಸಮಸ್ತ ವಾರ್ತೆಯೂ ಕಿವಿಗೆ ಬಿದ್ದರೂ ಆ ವೃದ್ಧ ಅರಸನ ಪುತ್ರಮೋಹ ಕರಗಲಿಲ್ಲ. ವಾರ್ತೆ ತಲುಪುವುದು ಬೇರೆ, ಅದು ಹೃದಯವನ್ನು ಮುಟ್ಟುವುದು ಬೇರೆ.

ಯಂತ್ರದ ಸ್ಪಷ್ಟ ಕಲ್ಪನೆ ಮೂಡಿದ್ದು ವಿಜ್ಞಾನಯುಗದ ಸಾಹಿತ್ಯದಲ್ಲಿ. 1946ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ಚೆಸ್ಟರ್ ಗೌಲ್ಡ್ ಅವರು ತಮ್ಮ ಪತ್ತೇದಾರ ನಾಯಕ ಡಿಕ್ ಟ್ರೇಸಿಯ ಮಣಿಕಟ್ಟಿಗೆ ಕೈಗಡಿಯಾರದಂತಹ ರೇಡಿಯೊ ಒಂದನ್ನು ತೊಡಿಸಿದರು. ಆಡುವುದಕ್ಕೂ ಆಲಿಸುವುದಕ್ಕೂ ಅದೊಂದೇ ಸಾಕಾಗಿತ್ತು. 1973ರ ಏಪ್ರಿಲ್ 3ರಂದು ಮೊಟೊರೊಲಾ ಸಂಸ್ಥೆಯ ಎಂಜಿನಿಯರ್ ಮಾರ್ಟಿನ್ ಕೂಪರ್ ಅವರು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಒಂದು ಕಿಲೋಗ್ರಾಮಿಗೂ ಮಿಕ್ಕ ತೂಕದ ಸಾಧನದಿಂದ ಕರೆ ಮಾಡಿದರು. ತಮಗೆ ಪ್ರೇರಣೆ ಆ ಮಣಿಕಟ್ಟಿನ ರೇಡಿಯೊ ಎಂದು ಮುಂದೆ ಅವರೇ ಹೇಳಿಕೊಂಡರು. ಪತ್ರಿಕೆಯ ಚಿತ್ರಕಥೆಯೆಂದು ಹಿರಿಯರು ಹಗುರಾಗಿ ಕಾಣುವ ಬರಹವೂ ಕೆಲವೊಮ್ಮೆ ಇಂತಹ ಫಲವನ್ನು ನೀಡುತ್ತದೆ.

ಇನ್ನೊಂದು ನಿದರ್ಶನವು ಕನ್ನಡನಾಡಿಗೇ ಸಂಬಂಧಿಸಿದ್ದು. ವೈಜ್ಞಾನಿಕ ಕಥೆಗಳ ಕರ್ತೃವಾದ ಆರ್ಥರ್ ಸಿ. ಕ್ಲಾರ್ಕ್ ಅವರು 1945ರಲ್ಲಿ ಬರೆದ ಲೇಖನವೊಂದರಲ್ಲಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ನಿಲ್ದಾಣಗಳನ್ನು ನೆಲೆಗೊಳಿಸಿದರೆ ಲೋಕಕ್ಕೆಲ್ಲ ಸಂದೇಶವನ್ನು ಬಿತ್ತರಿಸಬಹುದೆಂದು ತೋರಿಸಿದರು. ಆ ಎತ್ತರದಲ್ಲಿ ಸುತ್ತುವ ವಸ್ತುವು ಭೂಮಿಯೊಡನೆಯೇ ತಿರುಗುವುದರಿಂದ ನೆಲದವರ ಕಣ್ಣಿಗೆ ನಿಂತಲ್ಲೇ ನಿಂತಂತೆ ತೋರುತ್ತದೆ. ಮೂವತ್ತು ವರ್ಷಗಳ ತರುವಾಯ, 1975ರ ಆಗಸ್ಟಿನಲ್ಲಿ, ಅಮೆರಿಕದ ಅಂತಹದೇ ಒಂದು ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಒಂದು ವರ್ಷ ಕಾಲ ಹರಿದುಬಂದವು. ಅಂದಿನ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಲ್ಲಿಗೆ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬಂದವು. ಆ ಪ್ರಯೋಗವನ್ನು ವೀಕ್ಷಿಸಲೆಂದು ಕೊಲಂಬೊದ ಕ್ಲಾರ್ಕ್ ಅವರ ಮನೆಯಲ್ಲಿಯೂ ಭಾರತದ ಎಂಜಿನಿಯರುಗಳು ಗ್ರಾಹಕ ಸಾಧನವನ್ನು ಸ್ಥಾಪಿಸಿಕೊಟ್ಟರು. ಕಲ್ಪಿಸಿದವನ ಮನೆಗೇ ಕಲ್ಪನೆಯು ನಿಜವಾಗಿ ಬಂದಿಳಿದ ಅಪೂರ್ವ ಪ್ರಸಂಗವಿದು.

ಆದರೆ ಕಲ್ಪನೆಯ ಕಣ್ಣು ಯಂತ್ರದ ಶಕ್ತಿಯನ್ನಷ್ಟೇ ಕಂಡಿತೆಂದರೆ ಅರ್ಧಸತ್ಯವಾದೀತು. 1909ರಷ್ಟು ಹಿಂದೆಯೇ ಇಂಗ್ಲೆಂಡಿನ ಇ. ಎಂ. ಫಾರ್ಸ್ಟರ್ ಅವರು 'ದಿ ಮೆಷಿನ್ ಸ್ಟಾಪ್ಸ್' ಎಂಬ ಕಥೆಯನ್ನು ರಚಿಸಿದರು. ಅಲ್ಲಿನ ಜನ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಬದುಕುತ್ತಾರೆ. ಹೊಳೆಯುವ ಫಲಕದಲ್ಲಿ ಪರಸ್ಪರ ಮುಖ ನೋಡಿ ಮಾತನಾಡುತ್ತಾರೆ. ಭೂಮಿಯ ಮತ್ತೊಂದು ಬದಿಯಲ್ಲಿರುವ ಮಗನು ತಾಯಿಯನ್ನು ಯಂತ್ರದ ಮೂಲಕವಲ್ಲದೆ ಎದುರಾಎದುರೇ ಕಾಣಬೇಕೆಂದು ಬೇಡುತ್ತಾನೆ. ಅದರ ಅಗತ್ಯವೇನೆಂಬುದು ತಾಯಿಗೆ ತಿಳಿಯದು. ಫಲಕವು ಮುಖವನ್ನು ತೋರುತ್ತದೆ, ಮುಖದ ಸೂಕ್ಷ್ಮ ಭಾವಗಳನ್ನು ತೋರದು. ಅದರ ಕೊರತೆಯೂ ಅವಳಿಗೆ ತಟ್ಟದು. ಕಡೆಗೆ ಯಂತ್ರ ಕೆಟ್ಟು ನಿಂತಾಗಲೇ ತಾಯಿಮಕ್ಕಳು ಒಬ್ಬರನ್ನೊಬ್ಬರು ಮುಟ್ಟುವುದು. ಪರದೇಶದಲ್ಲಿರುವ ಮಕ್ಕಳ ಮುಖವನ್ನು ಅಂಗೈಯ ಫಲಕದಲ್ಲಿ ನಿತ್ಯವೂ ಕಾಣುವ ಇಂದಿನ ತಾಯಂದಿರಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆಯು ವಿದ್ಯಾಲಯಗಳ ಬಾಗಿಲಿಗೂ ಬಂದಿತು. ಜಂಗಮವಾಣಿಯೇ ಪಾಠಶಾಲೆಯಾಯಿತು. ಅದಿಲ್ಲದಿದ್ದರೆ ಅನೇಕ ಮಕ್ಕಳಿಗೆ ಅಕ್ಷರದ ನಂಟೇ ಕಡಿದುಹೋಗುತ್ತಿತ್ತೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಆ ಸಾಧನವೇ ಇಲ್ಲದ ಬಡವರ ಮಕ್ಕಳ ಗತಿಯೇನು? ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕದಲ್ಲಿ 'ವಿದ್ಯಾಗಮ' ಯೋಜನೆ ಆರಂಭವಾಯಿತು. ಶಿಕ್ಷಕರು ಮಕ್ಕಳಿದ್ದ ಕೇರಿ, ವಠಾರಗಳಿಗೆ ತಾವೇ ನಡೆದುಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಪಾಯವನ್ನರಿತೂ ನಡೆದ ಆ ಹೆಜ್ಜೆಗಳ ಮಹತ್ತ್ವ ಅದರಿಂದ ಕುಂದದು.

ವಿದ್ಯಾ, ಆಗಮ ಎರಡೂ ಕೂಡಿ 'ವಿದ್ಯಾಗಮ'. ಆಗಮವೆಂದರೆ ಬರುವಿಕೆ; ಅದರ ಮೂಲವೂ 'ಗಮ್' ಧಾತುವೇ. ಯಂತ್ರವು ವಾಣಿಯನ್ನು ಹೊತ್ತು ತರಬಲ್ಲುದು. ಆ ಮಟ್ಟಿಗೆ 'ಜಂಗಮವಾಣಿ' ಎಂಬ ಹೆಸರು ಅದಕ್ಕೆ ಸಲ್ಲುತ್ತದೆ. ಜಂಗಮವೆಂಬ ಹೆಸರಾದರೋ ಮಗುವಿನ ಬಾಗಿಲಿಗೆ ನಡೆದುಬಂದ ಗುರುವಿಗೆ ಸಲ್ಲತಕ್ಕದ್ದು. ಯಂತ್ರವನ್ನು ಕೊಡುವ ದಾನಿಗಳೂ ಅದನ್ನು ಬಳಸುವ ಅಧ್ಯಾಪಕರೂ ಈ ಭೇದವನ್ನು ಮರೆಯದಿದ್ದರೆ, ಕಥೆಗಾರರು ಕಂಡ ಕನಸು ಫಲಿಸುವುದು, ಅವರು ಕೊಟ್ಟ ಎಚ್ಚರಿಕೆಯೂ ಸಾರ್ಥಕವಾಗುವುದು.