ಮೇಕ್ ಮತ್ತು ಹನ್ನೆರಡು ಮಂದಿ

ಹೊಸ ತಂತ್ರಾಂಶವೊಂದನ್ನು ಕೈಗೆತ್ತಿಕೊಂಡಾಗಲೆಲ್ಲ, ಅದರ ಕಡತಗಳನ್ನು ಕಂಪೈಲ್ ಮಾಡಿ ಕಟ್ಟುವುದಕ್ಕೆ ಮೇಕ್ ಸಾಕೇ, ಮೇವೆನ್ ಬೇಕೇ, ಗ್ರೇಡಲ್‌ಗೆ ಶರಣಾಗಬೇಕೇ ಎಂಬ ಚರ್ಚೆ ತರುಣ ಮಿತ್ರರಲ್ಲಿ ಮೊದಲಾಗುತ್ತದೆ. ನಾನಾದರೋ ಅಂಥ ವೇಳೆಯಲ್ಲಿ 1976ರ ಬೆಲ್ ಪ್ರಯೋಗಾಲಯವನ್ನು ನೆನೆಯುತ್ತೇನೆ. ದೋಷವನ್ನು ಆಗಲೇ ತಿದ್ದಿಯೂ, ತಿದ್ದಿದ ಕಡತವನ್ನು ಮರಳಿ ಕಂಪೈಲ್ ಮಾಡದೆ, ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪನ್ನರಸುತ್ತ ಒಂದು ಬೆಳಗನ್ನೆಲ್ಲ ವ್ಯರ್ಥಗೊಳಿಸಿದ ಸಹೋದ್ಯೋಗಿಯೊಬ್ಬನ ಗೋಳನ್ನು ಕೇಳಿ, ಅಂಥದೇ ಸಂಕಟವನ್ನು ತಾನೂ ಉಂಡಿದ್ದ ಸ್ಟೂವರ್ಟ್ ಫೆಲ್ಡ್‌ಮನ್ ರಚಿಸಿದ ಸಾಧನವೇ ಮೇಕ್. ಯಾವ ಕಡತವು ಯಾವುದನ್ನು ಆಶ್ರಯಿಸಿದೆ, ಅದನ್ನು ಕಟ್ಟುವ ಆಜ್ಞೆ ಯಾವುದು ಎಂದು ಒಮ್ಮೆ ಬರೆದಿಟ್ಟರೆ, ಅವುಗಳ ಕಾಲವನ್ನು ಹೋಲಿಸಿ ನೋಡಿ, ಹಳತಾದುದನ್ನಷ್ಟೇ ಅದು ಮತ್ತೆ ಕಟ್ಟುತ್ತದೆ.

ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗತಕ್ಕದ್ದು, ಬರಿಯ ಸ್ಪೇಸ್‌ಗಳು ಸಲ್ಲವು ಎಂಬುದು ಅದರ ಮಡಿವಂತಿಕೆ. ಇದನ್ನು ಬದಲಿಸೋಣವೆನ್ನುವಷ್ಟರಲ್ಲಿ ಬಳಕೆದಾರರು ಹನ್ನೆರಡು ಮಂದಿಯಷ್ಟಾಗಿದ್ದರಂತೆ; ಅವರಿಗೆ ತೊಂದರೆಯಾದೀತೆಂಬ ದಾಕ್ಷಿಣ್ಯದಿಂದ ಫೆಲ್ಡ್‌ಮನ್ ಸುಮ್ಮನಾದನು. ಆ ಹನ್ನೆರಡು ಮಂದಿಯ ಸೌಖ್ಯಕ್ಕೆ ಜಗತ್ತು ಇಂದಿಗೂ ತೆರಿಗೆ ತೆರುತ್ತಿದೆ!

ಜಾವಾ ಕೆಲಸಕ್ಕೆ ಬೇಕಾದ ಲೈಬ್ರರಿಗಳನ್ನೂ, ಆ ಲೈಬ್ರರಿಗಳು ನೆಚ್ಚಿಕೊಂಡಿರುವ ಇತರ ಲೈಬ್ರರಿಗಳನ್ನೂ ಜಾಲದಿಂದ ತಾನೇ ತರಿಸಿಕೊಳ್ಳುವ ಮೇವೆನ್‌ನ ಉಪಕಾರ ಅಲ್ಪವೇನಲ್ಲ, ಅದರ ಎಕ್ಸ್‌ಎಮ್‌ಎಲ್ ವಾಚಾಳಿತನವನ್ನು ಸಹಿಸಬಲ್ಲ ತಾಳ್ಮೆಯಿದ್ದರೆ. ಆದರೆ ನಾಲ್ಕೈದು ಸಿ ಕಡತಗಳ ಸಣ್ಣ ಸಂಸಾರಕ್ಕೆ ಹಿರಿಯನಾದ ಮೇಕ್ ಧಾರಾಳವಾಗಿ ಸಾಕು. ಟ್ಯಾಬ್ ಕೀಲಿಯೊಂದನ್ನು ಮಾತ್ರ ಮರೆಯದಿರಿ.